ಉಗುರಗಲದ ಸ್ಥಿರಾಸ್ತಿ

ಅವತ್ತು ಬೆಳಗ್ಗೆ ಮೂಡಗಾಳಿ ಎದ್ದಿತ್ತು. ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಅಂಚು ಒಣಗಿ ಬಿರಿಯುವಂಥ ಗಾಳಿ. ಬಿಸಿಲು ಬಿದ್ದಿತ್ತು, ಕಾವು ಮಾತ್ರ ಇರಲಿಲ್ಲ. ದೇವರ ಗೂಡಿನಲ್ಲಿ ಹಚ್ಚಿದ ದೀಪ ಮತ್ತೆ ಮತ್ತೆ ಆರುತ್ತಿತ್ತು. "ಬೆಳಕು ಬೇಕಂದ್ರ ನೀನ ಕೈ ಅಡ್ಡ ಹಿಡಿ ನಮ್ಮಪ್ಪಾ, ನನಗ ಒಲಿ ಮುಂದ ಕೆಲಸ ಐತಿ" ಎಂದು ಕೈಮುಗಿದು ಬಂದು ಹಂಚಿನ ಮುಂದೆ ಕೂತೆ. ಕೂತು ಇನ್ನೂ ಹಿಟ್ಟಿಗೆ ಕೈ ಹಾಕಿರಲಿಲ್ಲ, ಎದುರಿನ ಪುರಸಭೆಯಿಂದ ಕಾರ್ಯದರ್ಶಿ ಗುಂಡೇರಾಯರು ಧೋತರದ ಚುಂಗು ಹಿಡಿದುಕೊಂಡು ನನ್ನ ಖಾನಾವಳಿಗೆ ಓಡಿ ಬಂದರು.

"ಬಾಳಕ್ಕಾ, ನೀರಿನ ಯಂತ್ರದ ಡಿಸ್ಕು ಸತ್ತದ. ಕಿರ್ ಅಂತು, ಕರ್ ಅಂತು, ಆಮ್ಯಾಲೆ ಉಸಿರ ಇಲ್ಲ."

"ಅಯ್ಯ ಪಾಪ. ವಯಸ್ಸಾಗಿತ್ತು ಬಿಡ್ರಿ ರಾಯರ. ಎರಡು ತುತ್ತು ತಿಂದು ಅಳ್ರಿ, ಕೂಡ್ರಿ" ಎಂದೆ.

ನಮ್ಮೂರನ್ನು ಕಂಡಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರಿನ ಬಾಗಿಲುಗಳು ಕೇಳುತ್ತವೆ. ಹೊಸ್ತಿಲ ಮೇಲೆ ಕಾಲಿಟ್ಟ ಕೂಡಲೆ, ಕದದ ತಿರುಗಣಿ ಸದ್ದು ಮಾಡಿದಷ್ಟೇ ಮೆಲ್ಲಗೆ, "ಸ್ಥಿರವೋ, ಚರವೋ?" ಎಂದು ಕೇಳುತ್ತವೆ. ಉತ್ತರ ಕೊಡುವುದು ಬಾಯಲ್ಲ. ಬಂದವರ ಒಳಗಿನಿಂದ ಅದು ತಾನಾಗಿ ಬರುತ್ತದೆ, ಮನುಷ್ಯರಿಂದಲೂ ವಸ್ತುಗಳಿಂದಲೂ. ಪಕ್ಕದ ಮನೆಯಿಂದ ಕಡ ತಂದ ಕೊಡ "ಚರ" ಎಂದು ಕೂಗಿಕೊಂಡೇ ಒಳಗೆ ಬರುತ್ತದೆ, ಅದನ್ನು ನಮ್ಮದೆಂದು ಮರೆತುಬಿಡುವ ಹಾಗಿಲ್ಲ. ಹೊಸ ಸೊಸೆ ಮೊದಮೊದಲು ಚರವೇ. ಯಾವಾಗಲೋ ಒಂದು ಸಂಜೆ ಹಿತ್ತಲಿನಿಂದ ಸೊಪ್ಪು ಕಿತ್ತುಕೊಂಡು ಬರುವಾಗ, ಅವಳಿಗೇ ಅರಿವಿಲ್ಲದೆ, "ಸ್ಥಿರ" ಎಂಬ ಮಾತು ಬಂದುಬಿಡುತ್ತದೆ. ಅತ್ತೆಯಾದವಳು ಅವತ್ತು ಏನೂ ಕೇಳಿಸದವಳಂತೆ ಒಳಗೆ ಹೋಗಿ ಹೋಳಿಗೆಗೆ ಬೇಳೆ ನೆನೆಹಾಕುತ್ತಾಳೆ. ಸ್ಥಿರರಿಗೆ ಒಳಮನೆ, ಚರರಿಗೆ ಕಟ್ಟೆ. ವರ್ಗವಾಗಿ ಬರುವ ಸಾಹೇಬರೆಲ್ಲ ಕಟ್ಟೆಯ ಮೇಲೆ ಚಹಾ ಕುಡಿದು, ಅಲ್ಲಿಂದಲೇ ಹುಕುಂ ಕೊಟ್ಟು, ಅಲ್ಲಿಂದಲೇ ಎದ್ದು ಹೋದವರು. ನನ್ನ ಖಾನಾವಳಿಯ ಬಾಗಿಲು ಮಾತ್ರ ಕೇಳುವುದನ್ನು ಎಂದೋ ಬಿಟ್ಟಿದೆ. ಉಣ್ಣಲು ಬಂದವರೆಲ್ಲ ಎದ್ದು ಹೋಗುವವರೇ, ಅದಕ್ಕೂ ಬೇಸರ ಬಂದಿರಬೇಕು.

ಇಂಥ ಊರಿನಲ್ಲಿ ಬೆಳೆದ ಯಂತ್ರಕ್ಕೆ ಊರಿನ ಗುಣ ಬಾರದೆ ಇರುತ್ತದೆಯೆ? ಪುರಸಭೆಯ ಯಂತ್ರ ದಿನಾ ಬೆಳಗ್ಗೆ ಒಂದೊಂದು ಮನೆಯ ಹೆಸರು ನೋಡಿಕೊಂಡು ಆ ಮನೆಯ ನಲ್ಲಿಗೆ ನೀರು ಬಿಡುತ್ತಿತ್ತು. ಹೆಸರುಗಳೆಲ್ಲ ಇದ್ದದ್ದು ಒಳಗಿನ ಡಿಸ್ಕಿನಲ್ಲಿ. ಒಳಕಲ್ಲಿನಷ್ಟು ಭಾರ, ತಿರುಪು ಬಿಗಿದು ಕೂಡಿಸಿದ್ದು. ಅದರಲ್ಲಿ ಹೆಸರು ಬಿದ್ದವರಿಗಷ್ಟೇ ಸ್ವಂತ ನಲ್ಲಿ.

ಅವತ್ತು ಅದರಲ್ಲಿ ಬೀಳಬೇಕಾಗಿದ್ದ ಹೆಸರು ಕಸ್ತೂರೆವ್ವನದು. ಕಸ್ತೂರೆವ್ವ ಊರಿನ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವವಳು. ಯಾರದೋ ಬಾಣಂತನಕ್ಕೆಂದು ಬಂದವಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾ ಇಲ್ಲೇ ಉಳಿದಳು. ಈಗ ಶಾಲೆಗೆ ಓಡುವ ಮಕ್ಕಳೆಲ್ಲ ಅವಳ ಕಣಕಾಲ ಮೇಲೆ ಬೋರಲು ಬಿದ್ದು ಬಿಸಿನೀರಿಗೆ ಚೀರಿದವರು. ನೇಕಾರರ ಓಣಿಯಲ್ಲಿ ಅವಳದೊಂದು ಕೋಣೆ. ಆ ಕೋಣೆಯ ಬಾಗಿಲು ಹಿಂದಿನ ವಾರವಷ್ಟೇ ಅವಳೊಳಗಿಂದ "ಸ್ಥಿರ" ಎಂಬ ಮಾತು ಕೇಳಿಸಿಕೊಂಡಿತ್ತು. ಓಡಿ ಬಂದು ನನ್ನ ಮುಂದೆ ಅತ್ತು, ನಕ್ಕು, ಮತ್ತೆ ಅತ್ತಿದ್ದಳು. ಕಾರಣವಿತ್ತು. ಅವಳ ಒಬ್ಬಳೇ ಮಗಳು ದಿನ ತುಂಬುತ್ತಿದ್ದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಆದರೆ ಬೀಗರು ಹೇಳಿ ಕಳಿಸಿದ್ದರು: ನಲ್ಲಿ ಇಲ್ಲದ ಮನೆಗೆ ಬಾಣಂತನಕ್ಕೆ ಕಳಿಸುವುದಿಲ್ಲ.

"ಊರಿನ ಕೂಸುಗೋಳಿಗೆಲ್ಲ ಎರದೇನಿ ಯಕ್ಕಾ. ನನ್ನ ಮಗಳ ಕೂಸಿಗೆ ಎರಿಯಾಕಿ ಯಾರ?" ಎಂದಿದ್ದಳು.

ಡಿಸ್ಕು ಸತ್ತ ಮೇಲೆ ಪುರಸಭೆಯವರು ನೀರನ್ನು ಕೈಯಿಂದಲೇ ಬಿಡತೊಡಗಿದರು. ಬಿಟ್ಟವನ ಓಣಿಗೆ ಹೆಚ್ಚು ಬಂತು, ಉಳಿದ ಓಣಿಗಳಲ್ಲಿ ಜಗಳ ಬಂತು. ಕಂಪನಿಗೆ ಬರೆದರೆ, ಅಂಥ ಒಳಕಲ್ಲಿನ ಡಿಸ್ಕು ಈಗ ಯಾರೂ ಮಾಡುವುದಿಲ್ಲವೆಂದು ಹೇಳಿ ಒಂದು ಸಣ್ಣ ಡಬ್ಬಿ ಕಳಿಸಿದರು. ಒಳಗೆ ಉಗುರಗಲದ ಒಂದು ಕಾರ್ಡು. ಹಳೆಯ ಡಿಸ್ಕಿಗಿಂತ ಎಷ್ಟೋ ಪಾಲು ಹೆಚ್ಚು ಹಿಡಿಯುತ್ತದಂತೆ. ಗುಂಡೇರಾಯರು ತಮ್ಮ ಬಳಿಯಿದ್ದ ನಕಲಿನಿಂದ ಹಳೆಯ ಹೆಸರುಗಳನ್ನೆಲ್ಲ ಅದಕ್ಕೆ ತುಂಬಿ ಯಂತ್ರದಲ್ಲಿ ಸಿಕ್ಕಿಸಿದರು. ಯಂತ್ರ ಕೇಳಿತು: "ಸ್ಥಿರವೋ, ಚರವೋ?" ಕಾರ್ಡು ಕೂಸಿನ ದನಿಯಲ್ಲಿ ಹೇಳಿತು: "ಚರ." ಯಂತ್ರ ಬಾಯಿ ಮುಚ್ಚಿಕೊಂಡಿತು. ನಾಳೆ ಎದ್ದು ಹೋಗುವವನ ಕೈಯಲ್ಲಿ ಊರಿನ ನೀರು ಕೊಡುವುದು ಅದಕ್ಕೆ ಬೇಕಿರಲಿಲ್ಲ.

ಅಧ್ಯಕ್ಷ ಮುರಿಗೆಪ್ಪಗೌಡರು ಸಭೆ ಕರೆದರು. ಕಾರ್ಡು ಅಲುಗಾಡದಂತೆ ಮಾಡಿದರೆ ಅದು ಸ್ಥಿರವಾಗಲೇಬೇಕು ಎಂದು ಸಭೆಯಲ್ಲಿ ಎಲ್ಲರಿಗೂ ಏಕಕಾಲಕ್ಕೆ ಹೊಳೆಯಿತು. ಮೊದಲು ಪಟ್ಟಿ ಹಾಕಿ ತಿರುಪು ಬಿಗಿದರು. "ಚರ" ಎಂದಿತು. ಎತ್ತಿನ ಸರಪಳಿ ತಂದು ಯಂತ್ರವನ್ನೇ ಕಂಬಕ್ಕೆ ಕಟ್ಟಿದರು. ಯಂತ್ರ ಮುನಿಸಿಕೊಂಡಿತೇ ಹೊರತು ಕಾರ್ಡು ಮಾತು ಬದಲಿಸಲಿಲ್ಲ. ಕಡೆಗೆ, ಮೂರ್ತಿಯನ್ನು ಪೀಠದ ಮೇಲೆ ಕೂಡಿಸಲು ಬಳಸುವ ಅಷ್ಟಬಂಧವೇ ಆಗಬೇಕೆಂದು ಆಚಾರ್ಯರನ್ನು ಕರೆಸಿದರು. ಅರಗು, ಬೆಣ್ಣೆ, ಕಾವಿಕಲ್ಲು ಎಲ್ಲ ಸೇರಿಸಿ ಕುಟ್ಟಿ ಕುಟ್ಟಿ ಹದ ಮಾಡಿ, ಮಂತ್ರ ಹೇಳಿ, ಉಗುರಗಲದ ಕಾರ್ಡಿನ ಸುತ್ತ ಬೊಗಸೆಯಷ್ಟು ಮೆತ್ತಿದರು. ಮಂಗಳಾರತಿಯಾಯಿತು. ನಾನೂ ಕೈಮುಗಿದೆ, ಕಾರ್ಡಿನಲ್ಲೂ ಆ ದೇವರೇ ಇದ್ದಾನಲ್ಲ. ಯಂತ್ರ ಕೇಳಿತು. ಅರಗಿನ ಒಳಗಿಂದ, ಹೊದ್ದು ಮಲಗಿದ ಕೂಸು ಮಾತಾಡಿದ ಹಾಗೆ, ಮೆತ್ತಗೆ ಬಂತು: "ಚರ."

"ಎಷ್ಟ್ ಸೊಕ್ಕು ನೋಡ್ರಿ ಇದಕ್ಕ!" ಎಂದರು ಗೌಡರು.

ಆ ಹೊತ್ತಿಗೆ ಸಂತೆಗಳಿಗೆ ತಿರುಗಿ ತೂಕದ ಯಂತ್ರ, ರೇಡಿಯೋ ರಿಪೇರಿ ಮಾಡುವ ಖಾಜೇಸಾಬ ನನ್ನ ಖಾನಾವಳಿಯಲ್ಲಿ ಬೀಡು ಬಿಟ್ಟಿದ್ದ. ಬಡಾಯಿ ಕೊಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ತಾನು ಮುಟ್ಟಿದ ರೇಡಿಯೋದಲ್ಲಿ ನಾಳೆಯ ವಾರ್ತೆ ಇವತ್ತೇ ಬರುತ್ತದೆ ಎನ್ನುತ್ತಿದ್ದ. ಸುದ್ದಿ ಕೇಳಿ ಊಟದ ಕೈಯಲ್ಲೇ ಪುರಸಭೆಗೆ ಹೋದ.

"ಗೌಡ್ರ, ಇದನ್ನ ಬಿಗದು ಏನ್ ಮಾಡ್ತೀರಿ? ಇದರ ಒಳಗ ಒಂದ ಒಂದು ಗುರುತು ಐತಿ. ಅಲ್ಲಿ ಒಂದು ಇದ್ರ ಚರ, ಸೊನ್ನಿ ಇದ್ರ ಸ್ಥಿರ. ಜನ ಕಿಸೇದಾಗ ಹಾಕ್ಕೊಂಡು ಅಡ್ಡಾಡ್ತಾರಂತ ತಯಾರ ಮಾಡಿದವ ಒಂದು ಇಟ್ಟು ಕಳಿಸ್ಯಾನ. ನಾ ಅದನ್ನ ಸೊನ್ನಿ ಮಾಡ್ತೀನಿ. ಮುಗೀತು."

"ಅಂದ್ರ ಸುಳ್ಳು ಹೇಳಾಕ ಕಲಸ್ತಿ?"

"ಸುಳ್ಳಲ್ರೀ. ಯಂತ್ರ ಕೇಳೂದು ಇದು ಕಳಚತೈತೇನು ಅಂತಲ್ಲ. ನೀ ಏನಂತ ಹೇಳ್ಕೋತಿ ಅಂತ ಕೇಳತೈತಿ."

ಸಭೆ ಗಂಭೀರವಾಯಿತು. ಈ ಊರಿನಲ್ಲಿ ಹುಟ್ಟಿದಾರಭ್ಯ ಯಾರೂ ಸುಳ್ಳು ಹೇಳಿಲ್ಲವೆಂದು ಗೌಡರು ಹೇಳಿದರು. ಹಿಂದಿನ ಸಾಲಿನಲ್ಲಿ ಕೆಲವರಿಗೆ ಕೆಮ್ಮು ಬಂತು. ಅಷ್ಟರಲ್ಲಿ ಹೊರಗೆ ಕೊಡಗಳನ್ನು ಕುಕ್ಕಿದ ಸದ್ದು ಕೇಳಿಸಿದ್ದರಿಂದ ಕಾರ್ಡು ಸ್ಥಿರವೆಂಬ ಠರಾವು ಬೇಗ ಪಾಸಾಯಿತು. ಖಾಜೇಸಾಬ ಅಷ್ಟಬಂಧವನ್ನು ಚಾಕುವಿನಿಂದ ಕೆರೆದು, ಬೈದುಕೊಂಡು, ಕಾರ್ಡನ್ನು ತನ್ನ ಪೆಟ್ಟಿಗೆಗೆ ಸಿಕ್ಕಿಸಿ ಏನೋ ಮಾಡಿದ. ಮತ್ತೆ ಯಂತ್ರಕ್ಕೆ ಹಾಕಿದ. ಯಂತ್ರ ಕೇಳಿತು. ಅದೇ ಕೂಸಿನ ದನಿ, ಆದರೆ ಹಿರಿಯರ ಗತ್ತಿನಲ್ಲಿ, "ಸ್ಥಿರ" ಎಂದಿತು. ಯಂತ್ರ ಬಾಯಿ ತೆರೆಯಿತು.

ಮರುದಿನ ನನ್ನ ಖಾನಾವಳಿಯ ಮುಂದೆ ಸರತಿ ನಿಂತಿತು. ಉಣ್ಣಲು ಬಂದವರಲ್ಲ, ಖಾಜೇಸಾಬನನ್ನು ಕಾಣಲು ಬಂದವರು. ಮಾವನ ಮನೆಯಲ್ಲೇ ತಲೆ ನರೆತರೂ ಇನ್ನೂ ಚರವೆನ್ನಿಸಿಕೊಳ್ಳುತ್ತಿದ್ದ ಒಬ್ಬ ಅಳಿಯ ಬಂದ. ವರ್ಗದ ಆದೇಶ ಕಿಸೆಯಲ್ಲಿಟ್ಟುಕೊಂಡ ಶಾಲಾ ಇನ್ಸ್‌ಪೆಕ್ಟರು ಬಂದರು. ಗೌಡರು ಹಿತ್ತಲ ಬಾಗಿಲಿನಿಂದ ಬಂದು, ಅಧ್ಯಕ್ಷರ ಕುರ್ಚಿಯಿಂದ ಪ್ರತಿ ಚುನಾವಣೆಗೂ ಬಾಗಿಲು ಚರ ಎನ್ನಿಸುತ್ತದೆ, ಅದಕ್ಕೇನಾದರೂ ಉಪಾಯ ಉಂಟೇ ಎಂದು ಮೆಲ್ಲಗೆ ಕೇಳಿದರು.

"ಕುರ್ಚಿ ಒಳಗ ಗುರುತು ಎಲ್ಲಿ ಇಡ್ತಾರಂತ ನನಗ ಗೊತ್ತಿಲ್ರೀ. ಮನಷ್ಯಾನ ಒಳಗಂತೂ ಇಟ್ಟವಗ ಗೊತ್ತು" ಎಂದು ಖಾಜೇಸಾಬ ಮೇಲೆ ನೋಡಿದ. ಗೌಡರೂ ಮೇಲೆ ನೋಡಿದರು. ನನ್ನ ಮಾಳಿಗೆಯ ಜಂತೆಗಳಲ್ಲದೆ ಅಲ್ಲಿ ಬೇರೇನೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಗುಂಡೇರಾಯರಿಗೂ ನನಗೂ ಒಂದು ಮಾತು ಹೇಳಿದ. "ಒಂದು ನೆಪ್ಪಿರ್ಲಿ. ಚರ ಅಂತ ಗೊತ್ತಿದ್ರ ಯಂತ್ರ ಕಾರ್ಡಿಗೆ ಏನ್ ಹೇಳೂದೈತೋ ತಟಕ್ನ ಬರದು ಮುಗಸತೈತಿ, ಯಾವಾಗ ಎದ್ದು ಹೋಕ್ಕಾನೋ ಅಂತ. ಈಗ ಸ್ಥಿರ ಅಂತ ನಂಬೈತಿ. ಇನ್ನ ಅದಕ್ಕ ಅವಸರಿಲ್ಲ. ನಾವು ಹೇಳಿದ್ದನ್ನ ತನ್ನ ಮನಸಿನ್ಯಾಗ ಇಟ್ಕೊಂಡು, ಸಾವಕಾಶ ಬರಕೋತ ಕೂಡತೈತಿ. ಕೆಂಪು ದೀಪ ಮಿನಗೂದು ನಿಲ್ಲೂತನಾ ಕಾರ್ಡು ಮುಟ್ಟಬ್ಯಾಡ್ರಿ. ನಿಲ್ಲು ಅಂತ ಯಂತ್ರಕ್ಕ ಹೇಳಲಾರದ ಕಿತ್ರ, ಮನಸಿನ್ಯಾಗಿದ್ದದ್ದು ಹೋತು."

ಗುಂಡೇರಾಯರು ಹೂಂ ಎಂದು ಪಲ್ಯ ಹಾಕಿಸಿಕೊಂಡರು. ನಾನು ರೊಟ್ಟಿ ಬಡಿಯುತ್ತ ಅದನ್ನೇ ಯೋಚಿಸಿದೆ. ಯಂತ್ರವನ್ನು ಬೈದು ಏನು ಪ್ರಯೋಜನ? ಬಂದ ಅತಿಥಿಗೆ ಬಾಗಿಲಲ್ಲೇ ಕುಶಲ ಕೇಳುತ್ತೇವೆ, ಹೊರಟವನ ಕೈ ಹಿಡಿದು ಹೇಳಬೇಕಾದ್ದೆಲ್ಲ ಹೇಳುತ್ತೇವೆ. ಒಲೆಯ ಮುಂದೆ ಕೂತ ತಾಯಿಗೆ ಮಾತ್ರ ನಾಳೆ ಹೇಳಿದರಾಯಿತು ಎನ್ನುತ್ತೇವೆ. ಅವಳು ಸ್ಥಿರವಲ್ಲವೆ! ಇಲ್ಲಿ ಕಳಚದೆ ಇರುವುದು ಮೇಲಿನವನೊಬ್ಬನೇ. ಉಳಿದ ನಾವೆಲ್ಲ ಉಗುರಗಲದವರು.

ಯಂತ್ರ ಮತ್ತೆ ಶುರುವಾದದ್ದಕ್ಕೆ ಸಮಾರಂಭವಾಗದೆ ಇರುತ್ತದೆಯೆ? ಯಂತ್ರದ ಕೋಣೆಯ ಬಾಗಿಲಿಗೇ ಪೆಂಡಾಲು ಬಂತು, ಮೇಲಿನ ಊರಿಂದ ದೊಡ್ಡ ಸಾಹೇಬರು ಬಂದರು. ಊರಿನ ಹೊಸ ಸ್ಥಿರಳೆಂದು ಕಸ್ತೂರೆವ್ವನನ್ನು ವೇದಿಕೆಗೆ ಕರೆದು, ಎಲ್ಲರ ಮುಂದೆ ಅವಳ ಹೆಸರನ್ನು ಯಂತ್ರಕ್ಕೆ ಹೇಳಿದರು. ನಮ್ಮೂರಿನಲ್ಲಿ ಹೆಸರು ಬಿದ್ದವರಿಗೆ ನಲ್ಲಿಯ ತಿರುಗಣಿಯನ್ನು ಅರಿಸಿನ ಕುಂಕುಮ ಹಚ್ಚಿ ಕೊಡುವ ಪದ್ಧತಿ. ಗೌಡರು ಹಿತ್ತಾಳೆಯ ತಿರುಗಣಿ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ವೇದಿಕೆಯಿಂದ ಇಳಿದು, ನನ್ನ ಪಕ್ಕದಲ್ಲಿ ಕೂತು, "ನಾಳಿ ಮಗಳಿಗೆ ಹೇಳಿ ಕಳಸ್ತೇನಿ ಯಕ್ಕಾ" ಎಂದಳು.

ಆಮೇಲೆ ಭಾಷಣ. ಸಾಹೇಬರಿಗೆ ಡಿಸ್ಕು ಎಲ್ಲಿದೆ ಎಂಬುದೇ ಕಾಣಿಸಲಿಲ್ಲ. "ಎಲ್ಲಿದೆ ನಿಮ್ಮ ಹೊಸ ಡಿಸ್ಕು?" ಎಂದು ಕೇಳಿದರು. ಗೌಡರಿಗೆ ಹುರುಪು ಬಂತು. "ಇಲ್ಲೇ ಐತ್ರಿ ಸಾಹೇಬ್ರ! ನಮ್ಮೂರಾಗ ಇದಕ್ಕಿಂತ ಸ್ಥಿರ ಯಾವುದೂ ಇಲ್ರಿ, ನೋಡ್ರಿ!" ಎಂದವರೇ ಯಂತ್ರದ ಬಾಯಿಗೆ ಕೈಹಾಕಿ, ಎರಡು ಬೆರಳಲ್ಲಿ ಕಾರ್ಡನ್ನು ಕಿತ್ತು, ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದರು.

ಚಪ್ಪಾಳೆ ಬಿತ್ತು. ಅಲ್ಲಿಯವರೆಗೆ ಮಿನುಗುತ್ತಿದ್ದ ಕೆಂಪು ದೀಪ ಆರಿತು. ಗುಂಡೇರಾಯರು ಬಾಯಿಗೆ ಹೆಗಲ ಮೇಲಿನ ಉಪರಣಿ ಒತ್ತಿಕೊಂಡರು.

ಕಾರ್ಡನ್ನು ಮತ್ತೆ ಸಿಕ್ಕಿಸಿದ್ದರಿಂದ ಮಾರನೆಯ ಬೆಳಗ್ಗೆ ಊರಿಗೆಲ್ಲ ನೀರು ಬಂತು. ಕಸ್ತೂರೆವ್ವನ ಕೋಣೆಗೆ ಹೊಸದಾಗಿ ಕೂಡಿಸಿದ ನಲ್ಲಿ ಬರೀ ಗಾಳಿ ಊದಿತು. ಯಂತ್ರದ ಮನಸ್ಸಿನಲ್ಲಿ ಇನ್ನೂ ಬರೆಯದೆ ಉಳಿದಿದ್ದದ್ದು ಅವಳ ಹೆಸರೊಂದೇ. ಅದು ಮನಸ್ಸಿನಲ್ಲೇ ಹೋಗಿಬಿಟ್ಟಿತ್ತು.

ನಾನೇ ಅವಳ ಜೊತೆ ಪುರಸಭೆಗೆ ಹೋದೆ. ಖಾಜೇಸಾಬ ಹೇಳಿದ ಕೆಂಪು ದೀಪದ ಮಾತನ್ನು ಗೌಡರಿಗೆ ತಿಳಿಸಿ, ಇನ್ನೊಮ್ಮೆ ಬರೆಯಿರಿ ಎಂದು ಕೇಳಿದ್ದಷ್ಟೇ. ಅದಕ್ಕಾಗಿ ವಿಶೇಷ ಸಭೆ ಸೇರಿತು. ಕಾರ್ಡು ಸ್ಥಿರ ಎಂದು ಠರಾವಾಗಿದೆ. ಸ್ಥಿರವಾದದ್ದು ಕಳಚುವುದಿಲ್ಲ. ಕಳಚದೆ ಇರುವುದರಿಂದ ಅಧ್ಯಕ್ಷರು ಅದನ್ನು ಕಿತ್ತಿಲ್ಲ. ಕೀಳದೆ ಇದ್ದ ಮೇಲೆ ಏನೂ ಹೋಗಿಲ್ಲ. ಹೋಗದೆ ಇದ್ದ ಮೇಲೆ ಕಸ್ತೂರೆವ್ವನ ಹೆಸರು ಅದರಲ್ಲಿ ಇದೆ.

"ಹೆಸರು ಅದ ಅಂದ ಮ್ಯಾಲೆ ಎರಡನೇ ಸಲ ಬರಿಯೂದು ಹೆಂಗ ಬಾಳಕ್ಕಾ? ಕಾನೂನಿನಾಗ ಬರೂದಿಲ್ಲ" ಎಂದರು ಗುಂಡೇರಾಯರು.

"ಹಂಗಾದ್ರ ನೀರು?"

"ನೀರೂ ಬರಾಕತ್ತದ ಅಂತನ ಅರ್ಥ."

"ರಾಯರ, ಆ ಅರ್ಥದಾಗ ಒಂದು ಚರಿಗಿ ತುಂಬಿ ಕೊಡ್ರಿ, ಕುಡಿದು ನೋಡ್ತೇನಿ" ಎಂದೆ. ಸಮಾರಂಭದ ದಿನ ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಆದರೆ ಹಾಗೆಂದು ಹೇಳಿದವರನ್ನು ಗೌಡರು, "ನೀ ಕಂಡಿಯೇನಪಾ, ಸ್ಥಿರ ವಸ್ತು ಕಳಚಿದ್ದನ್ನ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿದರೆ ಯಾರಿಗೂ ಕಂಡಂತೆ ಅನ್ನಿಸುತ್ತಿರಲಿಲ್ಲ. ಎರಡು ದಿನದ ಮೇಲೆ ಪುರಸಭೆಯ ಸಿಪಾಯಿ ಬಂದು ಕಸ್ತೂರೆವ್ವನ ನಲ್ಲಿಯ ತಿರುಗಣಿಯನ್ನೂ ಬಿಚ್ಚಿಕೊಂಡು ಹೋದ. ತಿರುಗಣಿ ಇದ್ದೂ ನೀರು ಬಾರದ ನಲ್ಲಿಯನ್ನು ಪರವೂರಿನವರು ಕಂಡರೆ ಪುರಸಭೆಯ ಮರ್ಯಾದೆ ಏನಾಗಬೇಕು?

ಕಸ್ತೂರೆವ್ವ ಜಗಳ ಆಡಲಿಲ್ಲ. ನನ್ನ ಹಿತ್ತಲಿನಿಂದ ಕೊಡ ಹೊತ್ತು ಹೋಗುತ್ತಿದ್ದಳು. ಆದರೆ ಖಾನಾವಳಿಗೆ ಬರುವ ನೀರೇ ನನ್ನ ಪಾತ್ರೆಗಳಿಗೆ ಸಾಲದು. ಬೀಗರಿಂದ ಇನ್ನೊಂದು ಮಾತು ಬಂತು. ಅಮಾವಾಸ್ಯೆಯೊಳಗೆ ನಲ್ಲಿಯ ಸುದ್ದಿ ಬಾರದಿದ್ದರೆ ಹೆರಿಗೆ ತಮ್ಮಲ್ಲೇ ಎಂದು.

ಆ ದಿನಗಳಲ್ಲಿ ಗೌಡರ ಮನೆಯಲ್ಲೂ ಬಾಣಂತಿ ಇದ್ದಳು. ಅವರ ಮಗಳು ತವರಿಗೆ ಬಂದು ಗಂಡುಕೂಸು ಹೆತ್ತಿದ್ದಳು. ಎರೆಯುವವಳು ಕಸ್ತೂರೆವ್ವನೇ, ಬೇರೆ ಯಾರಿದ್ದಾರೆ? ನಾನು ಬಾಣಂತಿಗೆ ಅಂಟಿನುಂಡೆ ಮಾಡಿಕೊಂಡು ಹೋದಾಗ ಅವಳು ಬಚ್ಚಲಿನಲ್ಲಿ ಕಾಲು ಚಾಚಿ ಕೂತಿದ್ದಳು. ಕಣಕಾಲ ಮೇಲೆ ಕೂಸು. ಹಂಡೆಯ ತುಂಬ ಹಬೆಯಾಡುವ ನೀರು. ಕೂಸು ಎಣ್ಣೆಯಲ್ಲಿ ಮಿಂಚುತ್ತ ಚೀರುತ್ತಿತ್ತು, ಅವಳು "ಆತು ನನ್ನಪ್ಪ, ಆತು ನಮ್ಮ ಗೌಡಪ್ಪ" ಎಂದು ಎರೆಯುತ್ತಿದ್ದಳು. ಗೌಡರು ಪಡಸಾಲೆಯ ತೂಗುಮಂಚದಲ್ಲಿ ಪತ್ರಿಕೆ ಹಿಡಿದು ಕೂತಿದ್ದರು.

ಎರೆದು ಮುಗಿಸಿ ಕೂಸಿಗೆ ಧೂಪ ಹಾಕಿ ತಾಯಿಯ ಕೈಗೆ ಕೊಟ್ಟ ಮೇಲೆ ಅವಳು ಗೌಡರ ಹೆಂಡತಿಯನ್ನು ಕೇಳಿದಳು: "ಅವ್ವಾರ, ಹಂಡೇದಾಗ ಉಳದದ್ದು ಚೆಲ್ತೀರೇನ್ರಿ? ಚೆಲ್ಲೂದಾದ್ರ ಒಂದು ಕೊಡ ನಾ ಒಯ್ಯಲೇನ್ರಿ?"

"ಒಯ್ಯಿ ಬಿಡು. ಬಿಸಿನೀರು ಏನ್ ಮಾಡ್ತೀ?"

ಕಸ್ತೂರೆವ್ವ ನಕ್ಕಳು. "ಏನಿಲ್ರಿ. ಅರಿವಿ ಸುತ್ತಿ ಕೂಸಿನಂಗ ಮಾಡಿ, ಕಾಲ ಮ್ಯಾಲ ಹಾಕ್ಕೊಂಡು ಎರಕೋತ ಕೂಡ್ತೇನ್ರಿ. ಎಷ್ಟು ಕಡಿಮಿ ನೀರಾಗ ಮುಗಸಬಹುದಂತ ನೋಡಾಕತ್ತೇನಿ. ಮಗಳನ ಕಳಿಸಿದ್ರ ಕಳಿಸ್ಯಾರು. ಒಂದು ಕೊಡದಾಗ ತಾಯಿಗೂ ಕೂಸಿಗೂ ಆಗ್ತೈತೇನಂತ."

ಬಾಣಂತಿ ತನ್ನ ಕೂಸನ್ನು ಎದೆಗೊತ್ತಿಕೊಂಡು ಅಪ್ಪನ ಕಡೆ ನೋಡಿದಳು. ಗೌಡರ ಕೈಯಲ್ಲಿ ಪತ್ರಿಕೆ ಹಾಗೇ ಇತ್ತು. ತೂಗುಮಂಚದ ಸರಪಳಿಯ ಸದ್ದು ನಿಂತಿತ್ತು.

ಅವತ್ತೇ ಮಧ್ಯಾಹ್ನ ನನ್ನ ಖಾನಾವಳಿಯಲ್ಲಿ ಗುಂಡೇರಾಯರು ಎಲೆಯ ಮುಂದೆ ಕೂತ ಹೊತ್ತಿಗೆ, ಗೌಡರು ಹಿತ್ತಲಲ್ಲಿ ನಿಂತು ಕೈಸನ್ನೆ ಮಾಡಿದರು. ಹೋದೆ.

"ಬಾಳಕ್ಕಾ, ಕಸ್ತೂರೆವ್ವನ್ನ ಕರಕೊಂಡು ಬಾ. ಆಫೀಸಿನಾಗ ಈಗ ಯಾರೂ ಇಲ್ಲ. ರಾಯರ ಊಟ ಒಂದೀಟು ಉದ್ದ ಆಗ್ಲಿ."

"ಠರಾವು ಗೌಡ್ರ?"

"ಠರಾವಿಗೆ ಊಟದ ಹೊತ್ತು ಇರತೈತಿ" ಎಂದರು, ನನ್ನ ಮುಖ ನೋಡದೆ.

ನಾನು ಖಾಜೇಸಾಬನಿಗೆ, "ರಾಯರಿಗೆ ನಿನ್ನ ನಾಳಿನ ವಾರ್ತೆ ಹೇಳೂ ರೇಡಿಯೋದ ಕತಿ ಹೇಳಪಾ, ಅವ್ರು ಪೂರಾ ಕೇಳಿಲ್ಲ" ಎಂದು, ಅವರ ಎಲೆಗೆ ಇನ್ನೊಂದು ರೊಟ್ಟಿ, ಅದರ ಮೇಲೆ ಬೆಣ್ಣೆ ಹಾಕಿ ಹೊರಟೆ. ಗುಂಡೇರಾಯರು ಕಿಟಕಿಯಾಚೆ ಪುರಸಭೆಯ ಕಡೆ ಒಮ್ಮೆ ನೋಡಿ, ಬೆನ್ನು ತಿರುಗಿಸಿ ಕೂತು, "ಮಜ್ಜಿಗಿನೂ ಇರ್ಲಿ, ಸಾವಕಾಶ ಊಟ ಮಾಡ್ತೀನಿ" ಎಂದರು.

ಯಂತ್ರದ ಕೋಣೆಯಲ್ಲಿ ನಾವು ಮೂವರೇ. ಗೌಡರೇ ಒಂದೊಂದು ಅಕ್ಷರ ಹುಡುಕಿ, ತೋರುಬೆರಳಿನಿಂದ ಒತ್ತಿ ಕಸ್ತೂರೆವ್ವನ ಹೆಸರು ಬರೆದರು. ಯಂತ್ರ ಹೂಂಗುಟ್ಟಿತು. ಕೆಂಪು ದೀಪ ಮಿನುಗತೊಡಗಿತು.

"ಆತಲ್ರೀ ಗೌಡ್ರ? ಹೋಗ್ಲೇನ್ರಿ?" ಎಂದಳು ಅವಳು, ಸಿಕ್ಕಿಬೀಳುವ ಭಯ ಅವಳಿಗೇ.

"ತಡಿ ತಂಗಿ. ಅದಕ್ಕ ಅವಸರಿಲ್ಲ. ನಮಗೂ ಬ್ಯಾಡ."

ನಿಂತೆವು. ಕುರ್ಚಿ ಪಕ್ಕದಲ್ಲೇ ಇತ್ತು, ಗೌಡರು ಕೂಡಲಿಲ್ಲ. ಕೈಕಟ್ಟಿ, ದೀಪದ ಮೇಲೆ ಕಣ್ಣಿಟ್ಟು ನಿಂತಿದ್ದರು. ನಾನು ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಎದುರು ಖಾನಾವಳಿಯಿಂದ ಖಾಜೇಸಾಬನ ದನಿ, ಗುಂಡೇರಾಯರ ನಗು ಕೇಳಿಸುತ್ತಿತ್ತು. ದೀಪ ಮಿನುಗಿತು, ತಡೆಯಿತು, ಮತ್ತೆ ಮಿನುಗಿತು. ಕಡೆಗೆ ನಿಂತಿತು. ಗೌಡರು ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಅಂಗಿಯ ಒಳಕಿಸೆಯಿಂದ ಕರವಸ್ತ್ರದ ಒಂದು ಗಂಟು ತೆಗೆದು, ಬಿಚ್ಚಿ, ಸಿಪಾಯಿ ಬಿಚ್ಚಿ ಒಯ್ದಿದ್ದ ಅದೇ ಹಿತ್ತಾಳೆಯ ತಿರುಗಣಿಯನ್ನು ಅವಳ ಅಂಗೈಯಲ್ಲಿಟ್ಟರು.